ಒಂದರ ಪ್ರಶ್ನಿ ಕೇಳ್ರಿ!

ಮಂದಿಗೆ ವಿಜ್ಞಾನ ಹೇಳಾಕ ಹೊಂಟಾವ್ರಿಗೆ ಫಜೀತಿಗೇನ ಬರ ಇರೂದಿಲ್ಲ ನೋಡ್ರಿ. ಒಂದಿನ ಫಜೀತಿ ಆಗಲಿಲ್ಲ ಅಂದ್ರ, ಅವತ್ತ ಗಾಡಿ ಪಂಕ್ಚರ್ ಆಗಿ ನಾವು ಊರ ಮುಟ್ಟೇ ಇಲ್ಲ ಅಂತ ತಿಳಕೋಬೇಕು.

ನಾವು ಮೂರ ಮಂದಿ. ಮುಂದಾಳು ನಮ್ಮ ಸರ್. ಬಾಗಲಕೋಟ್ಯಾಗ ಕಾಲೇಜ ಹುಡುಗರಿಗೆ ಫಿಜಿಕ್ಸ್ ಕಲಿಸಿ ರಿಟೈರ್ ಆದವ್ರು. ಎರಡನೇದಾಕಿ ನಾ. ಸ್ಕ್ರಿಪ್ಟ್ ಬರಿಯಾಕಿ, ಮಂದಿನ್ನ ಕೂಡಸಾಕಿ, ಕೆಲಸ ಕೆಟ್ರ ಒದರಾಡಾಕಿ, ಎಲ್ಲಾ ನಾನ. ಮೂರನೇದಾಂವ ನಮ್ಮ ಡ್ರೈವರ್. ಗಾಡಿ ಹೊಡಿಯೂದು, ಕ್ಯಾಮೆರಾ ಹಿಡಿಯೂದು, ಮೈಕ್ ಹಚ್ಚೂದು, ನಡು ನಡುವ ನಮ್ಮಿಬ್ಬರ ಮಾನ ಕಳಿಯೂದು, ಇವೆಲ್ಲ ಅವನ ಕೆಲಸ. ಆ ಮೈಕಿನ ಗುಣಾನೂ ಈಗ ಹೇಳಿಬಿಡ್ತೇನಿ. ಬೇಕಾದಾಗ ಸತ್ತಿರತೈತಿ, ಬ್ಯಾಡಾದಾಗ ಅದಕ್ಕ ಜೀವ ಬರತೈತಿ.

ಹಳೇ ಟೆಂಪೋ ಒಂದಕ್ಕ ನೀಲಿ ಬಣ್ಣ ಬಳಿಸಿ, 'ವಿಜ್ಞಾನ ಗಾಡಿ' ಅಂತ ಬರಿಸಿ, ಮ್ಯಾಲೆ ಒಂದ ಕರ್ಣ್ಯಾ ಸ್ಪೀಕರ್ ಕಟ್ಟಿ, ಒಳಗ ಒಂದ ದುರ್ಬೀನು, ಒಂದ ಪರದೆ, ನಾಕ ಕಲ್ಲು, ಒಂದ ಪುಟ್ಟಿ ಬಾಟ್ಲಿ–ಪುಗ್ಗಾ ತುಂಬಿಕೊಂಡು ಬಾದಾಮಿ, ಹುನಗುಂದ, ಇಳಕಲ್ಲ ಅಂತ ತಿರಗತಿದ್ವಿ. ಗಾಡಿ ನಡಸಾಕ ನೆರವು ಕೊಟ್ಟಾವ್ರು ಒಂದ ಕರಾರು ಹಾಕಿದ್ರು. ವರ್ಷದ ಕಡೀಗೆ ಬೆಂಗಳೂರಿಂದ ಒಬ್ರು ಸಾಹೇಬ್ರು ಬಂದು ಒಂದ ಕಾರ್ಯಕ್ರಮ ನೋಡತಾರ. ಮಂದಿ ಚಪ್ಪಾಳಿ ಹೊಡದ್ರ ನಡಿಯೂದಿಲ್ಲ. ತಾವಾಗೇ ಎದ್ದು ಪ್ರಶ್ನಿ ಕೇಳಬೇಕು. ಕೇಳಿದ್ರ ಗಾಡಿ ಮುಂದ ನಡೀತೈತಿ, ಕೇಳಲಿಲ್ಲಂದ್ರ ಅಲ್ಲಿಗೇ ಬ್ರೇಕ್.

ಸರ್‌ಗಂತೂ ಇದು ಗಾಯದ ಮ್ಯಾಲೆ ಬರಿ ಎಳದಂಗ ಆತು. ಯಾಕಂದ್ರ ಅವರ ಇಡೀ ನೌಕರ್‍ಯಾಗ ಒಬ್ಬ ಹುಡುಗನೂ ಎದ್ದು ನಿಂತು ಒಂದ ಪ್ರಶ್ನಿ ಕೇಳಿರಲಿಲ್ಲ. "ತಿಳೀತೇನ್ರೋ?" ಅಂದ್ರ "ತಿಳೀತ್ರಿ ಸರ", ಅಷ್ಟ. ಅವರ ಮನ್ಯಾಗಿನವ್ರು, "ನೀವು ಪಾಠ ಮಾಡಿದ್ರ ಗ್ವಾಡಿಗೂ ಜೋಂಪ ಹತ್ತತೈತಿ" ಅಂತ ಕಾಡಸ್ತಿದ್ರಂತ. ಒಂದಿನ ಗಾಡ್ಯಾಗ ಕುಂತಾಗ ಸರ್ ನನಗ, "ತಂಗೀ, ನನಗ ಪ್ರಶಸ್ತಿ ಬ್ಯಾಡ, ಫೋಟೋ ಬ್ಯಾಡ. ಯಾರರ ಒಬ್ರು ಎದ್ದು, ಸರ ಇದು ಹಿಂಗ್ಯಾಕ ಅಂತ ಕೇಳಬೇಕು ನೋಡು" ಅಂದ್ರು. ಅವತ್ತಿಂದ ಆ ಒಂದ ಪ್ರಶ್ನಿಗೆ ನಾವು ಊರೂರು ಅಲದ್ವಿ.

ಉಸುಕಿನ ಗುಡ್ಡ, ತಜ್ಞರ ಜರಡಿ

ಮೊದಲನೇ ಕೆಲಸ, ಬಾದಾಮಿ ಕಲ್ಲಿನ ಮ್ಯಾಲೆ ಒಂದ ಸಣ್ಣ ಪಿಚ್ಚರ್. ನಾ ಹುರುಪಿಲೆ ಕುಂತು ಬರದೆ: "ಬಾದಾಮಿ ಗುಡ್ಡ ಅಂದ್ರ ಒಂದ ಕಾಲಕ್ಕ ನೀರಿನ ತಳದಾಗಿನ ಉಸುಕು." ಕುರಿ ಕಾಯಾವ್ರಿಗೂ ತಿಳೀಬೇಕು, ಕಾಲೇಜ ಹುಡುಗರಿಗೂ ತಿಳೀಬೇಕು ಅಂತ ಭಾಳ ಯೋಚನಿ ಮಾಡಿ ಬರದಿದ್ದೆ.

ಆದ್ರ ನಮ್ಮ ಧಂದೆದಾಗ ಬರದದ್ದು ಸೀದಾ ಮಂದಿಗೆ ಹೋಗೂದಿಲ್ಲ. ನಡುವ ತಜ್ಞರು ಅಂತ ಇರತಾರ, ಅವರ ಜರಡ್ಯಾಗ ಬಿದ್ದು ಬರಬೇಕು. ಮೊದಲನೇ ತಜ್ಞರು, "ಎಲ್ಲಾ ಗುಡ್ಡ ಅನ್ನಬೇಡಿ, ಬಹುತೇಕ ಅನ್ನಿ" ಅಂದ್ರು. ಎರಡನೇವ್ರು, "ನೀರು ಅಂದರೆ ನದಿಯೋ, ಸಮುದ್ರವೋ? ಜಲಮೂಲ ಅಂತ ಹಾಕಿ" ಅಂದ್ರು. ಮೂರನೇವ್ರು, "ನಾವು ಯಾರೂ ಕಣ್ಣಾರೆ ನೋಡಿಲ್ಲವಲ್ಲ, ಒಂದು ಪ್ರಾಯಶಃ ಇರಲಿ" ಅಂದ್ರು. ನಾಕನೇವ್ರು ಓದಿದ್ರೋ ಇಲ್ಲೋ ದೇವರಿಗೇ ಗೊತ್ತು. ಎಲ್ಲಾರೂ ಏನರ ಸೇರಿಸ್ಯಾರ, ತಾವ ಸುಮ್ಮನಿದ್ರ ಬರೋಬರಿ ಕಾಣೂದಿಲ್ಲ ಅಂತ ಕಡೀಗೆ 'ಎಂದು ಭಾವಿಸಲಾಗಿದೆ' ಅಂತ ಒಂದ ಬಾಲ ಹಚ್ಚಿ ಕಳಿಸಿದ್ರು.

ನನ್ನ ಮಾತು ತಿರುಗಿ ಬಂದಾಗ ಹಿಂಗಿತ್ತು: "ಬಾದಾಮಿಯ ಬಹುತೇಕ ಬೆಟ್ಟಗಳ ಶಿಲೆಗಳು ಪ್ರಾಯಶಃ ಒಂದು ಕಾಲಘಟ್ಟದಲ್ಲಿ ಜಲಮೂಲಗಳೊಂದಿಗೆ ಸಂಬಂಧ ಹೊಂದಿದ್ದಿರಬಹುದು ಎಂದು ಭಾವಿಸಲಾಗಿದೆ."

ನನಗ ಎಲ್ಲಿ ಸಿಟ್ಟು ಎಲ್ಲಿ ಅಳು! ಗಾಡ್ಯಾಗ ಜೋರಾಗಿ ಓದಿ ತೋರಿಸಿದೆ. ಸರ್ ಕಣ್ಣ ಮುಚ್ಚಿಕೊಂಡ ಕೇಳಿ, "ತಪ್ಪೇನಿಲ್ಲ ಬಿಡ" ಅಂತ ಮೆಲ್ಲಕ ಅಂದ್ರು. ಡ್ರೈವರ್ ಸ್ಟೇರಿಂಗ್ ಬಿಡಲಾರದ ಹಿಂದ ಹೊಳ್ಳಿ ನೋಡಿದ.

"ಅಕ್ಕಾರ, ಇದು ಗುಡ್ಡದ ವಿಷಯಾನೋ, ಟಿಕೆಟ್ ಸಿಗದ ಲೀಡರ್ ಪೇಪರಿನವ್ರ ಮುಂದ ಕೊಟ್ಟ ಹೇಳಿಕಿನೋ?"

ಮೈಕಿನ ಕುಲಾಯಿ

ಅದ ಪಿಚ್ಚರಿನ ಶೂಟಿಂಗಿಗೆ ಬಾದಾಮಿ ಗುಡ್ಡ ಹತ್ತಿದ್ವಿ. ಸರ್ ಇಸ್ತ್ರಿ ಅಂಗಿ ಹಾಕ್ಕೊಂಡು, ಮೀಸಿ ತಿದ್ದಿಕೊಂಡು ತಯಾರ ಆಗಿ ಬಂದಿದ್ರು. ಹಳ್ಳದ ದಂಡ್ಯಾಗ ಉಸುಕಿನ ಮ್ಯಾಲೆ ನೀರು ಹರದು ಗೆರಿ ಮೂಡತಾವಲ್ಲ, ಅಂಥಾ ಗೆರಿ ಅಲ್ಲಿ ಕಲ್ಲಿನ್ಯಾಗ ಕಾಣತಾವ. ಅದನ್ನ ಕೈಲೆ ಸವರಿ ತೋರಿಸಿಕೋತ ಮಾತಾಡೂದು ಅವರ ಕೆಲಸ.

ಗುಡ್ಡದ ಮ್ಯಾಲೆ ಗಾಳಿ ಅಂದ್ರ ಗಾಳಿ. ಗಾಳಿ ಸಪ್ಪಳ ಬರಬಾರದಂತ ಮೈಕಿಗೆ ಕೂದಲದ ಒಂದ ಮುಸುಕು ಹಾಕತಾರ. ಮೆತ್ತಗ, ಕಂದ ಬಣ್ಣದ್ದು. ಡ್ರೈವರ್ ಅದಕ್ಕ ಕುಲಾಯಿ ಅಂತಿದ್ದ, ಕೂಸಿನ ತಲಿಗೆ ಹಾಕೂ ಕುಲಾಯಿ ಇದ್ದಂಗ ಐತಂತ. ಸರ್ ಬಾಯಿ ತಗದ್ರು. ಟೂರಿಸ್ಟ್ ಬಸ್ಸಿನಾಂವ ಹಾರ್ನ್ ಹೊಡದ. ಮತ್ತ ಶುರು ಮಾಡಿದ್ರು. ಸಾಲಿ ಟ್ರಿಪ್ಪಿಗೆ ಬಂದ ಹುಡುಗರು ಕ್ಯಾಮೆರಾದ ಮುಂದ ನಿಂತು ಹಲ್ಲ ಕಿಸದ್ರು. ನಾ ಒದರಿ ಓಡಿಸಿದೆ. ಮತ್ತ ಶುರು. ಈ ಸಲ ಒಬ್ರು ಯಜಮಾನ್ರು ಬಂದು, "ಗೈಡ್ ಏನ್ರಿ? ನಮ್ಮನ್ನೂ ಕರಕೊಂಡ ಹೋಗ್ರಿ" ಅಂತ ಸರ್ ಕೈನ ಹಿಡದ್ರು.

ಬಿಸಲ ನೆತ್ತಿಗೆ ಬಂತು. ಕಡೀಗೊಮ್ಮೆ ಎಲ್ಲಾ ಸುಮ್ಮಾತು. ಸರ್ ಎಂಥಾ ಛಂದ ಮಾತಾಡಾಕತ್ತಿದ್ರು ಅಂತೀರಿ! ನನಗ ಕಣ್ಣ ತುಂಬಿ ಬರೂದೊಂದ ಬಾಕಿ. ಅಷ್ಟರಾಗ ಮ್ಯಾಲಿನ ಬಂಡಿಗಲ್ಲಿಂದ ಒಂದ ಹೆಣ್ಣ ಮಂಗ್ಯಾ ದುಬುಕ್ಕನ ಜಿಗದು ಮೈಕ್ ಸಮೇತ ಕುಲಾಯಿ ಕಸಗೊಂಡು ಕಲ್ಲ ಏರಿ ಕುಂತಬಿಡ್ತು. ಬಾಳಿಹಣ್ಣ ತೋರಿಸಿದ್ವಿ, ಶೇಂಗಾ ಚೆಲ್ಲಿದ್ವಿ. ತಿರುಗಿ ಸೈತ ನೋಡಲಿಲ್ಲ. ಆ ಕುಲಾಯಿನ್ನ ತನ್ನ ಕೂಸಂತ ತಿಳಕೊಂಡು ಎರಡೂ ಕೈಲೆ ಎದಿಗೆ ಅವಚಿಕೊಂಡು, ಅದರ ಕೂದಲಾಗ ಹೇನ ನೋಡಾಕ ಹತ್ತಿತು.

ಸರ್ ಮಾರಿ ಬಾಡಿ ಹೋತು. ಡ್ರೈವರ್ ಅವರ ಬಾಜೂಕ ಕುಂತು ಸಮಾಧಾನ ಮಾಡಿದ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಸರ. ಮುಂಜಾನಿಯಿಂದ ಇಷ್ಟ ಮಂದಿ ಬಂದ ಹೋದ್ರು. ನಿಮ್ಮ ಮಾತು ಎದಿಗೆ ಹಚ್ಚಿಕೊಂಡಾಕಿ ಇಕಿ ಒಬ್ಬಾಕಿನ."

ಎಡಗಣ್ಣು, ಬಲಗಣ್ಣು

ಕೆರೂರ ಸಂತಿಗೆ ದುರ್ಬೀನು ಒಯ್ದಿದ್ವಿ. ಹೊತ್ತ ಇಳಿಯಾಕ ಹತ್ತಿತ್ತು, ಆಕಾಶದಾಗ ಅರ್ಧ ಚಂದ್ರ ಆಗಲೇ ನಿಂತಿದ್ದ. ಸಂತಿ ಮುಗಿಸಿಕೊಂಡು ಹೋಗಾವ್ರು ಒಂದ ಗಳಿಗಿ ನಿಂತು ಚಂದ್ರನ ತಗ್ಗು ದಿನ್ನಿ ನೋಡಲಿ ಅಂತ ನಮ್ಮ ಲೆಕ್ಕ. ಮಂಗ್ಯಾ ಬ್ಯಾಸತ್ತು ಒಗದ ಹೋದ ಮೈಕ್ ಹಿಡದು ಡ್ರೈವರ್ ಒದರಿದ: "ಬರ್ರಿ ಬರ್ರಿ, ಪುಗಸಟ್ಟೆ ಐತಿ! ಒಂದ ಕಣ್ಣ ಮುಚ್ಚಿಕೊಂಡು ಒಂದ ಕಣ್ಣಲೆ ನೋಡ್ರಿ!"

ನೋಡ ನೋಡೂದ್ರಾಗ ಮಂದಿ ಕಾಯಿಪಲ್ಲೆ ಚೀಲ ಹಿಡಕೊಂಡು ಸಾಲ ಹಚ್ಚಿದ್ರು. ಸಾಲು ಉಳ್ಳಾಗಡ್ಡಿ ಅಂಗಡಿ ದಾಟಿ ಬಸ್‌ಸ್ಟ್ಯಾಂಡ್ ಕಡಿ ಹೊಳ್ಳಿತು. ಸರ್ ಆನಂದಕ್ಕ ಪಾರ ಇರಲಿಲ್ಲ. "ನೋಡ ತಂಗಿ, ನಮ್ಮ ಮಂದಿಗೆ ಎಷ್ಟ ಆಸಕ್ತಿ ಐತಿ! ನಾವ ತೋರಸೂದಿಲ್ಲ, ಅಷ್ಟ."

ಮೊದಲಿಗೆ ಪಟಗಾ ಸುತ್ತಿದ ಒಬ್ಬ ಕಾಕಾ ಬಂದ. ಎಡಗಣ್ಣ ಇಟ್ಟು ನೋಡಿದ. ಬಲಗಣ್ಣ ಇಟ್ಟು ನೋಡಿದ. ಮತ್ತ ಎಡಗಣ್ಣ.

"ಏನ ಕಾಣತೈತಿ ಕಾಕಾ?" ಅಂದೆ.

"ಎಡಗಣ್ಣಿಗೆ ಚೊಲೊ ಕಾಣತೈತ್ರಿ. ಬೆಳ್ಳಗ, ಅರ್ಧ ಮುರದ ರೊಟ್ಟಿಗತೆ."

"ಹಾಂ, ಅದ ಚಂದ್ರ!"

"ಅದ ಏನರ ಇರವಲ್ಲದ್ಯಾಕ. ಬಲಗಣ್ಣಿಗೆ ಮಬ್ಬ ಐತಿ. ಬರಕೊಳ್ರಿ."

ನನಗ ತಿಳೀಲಿಲ್ಲ. ಹಿಂದಿನಾಕಿ ಒಬ್ಬಾಕಿ ಬುಟ್ಟಿ ಇಳುವಿ, ಸೆರಗಿನ ಗಂಟಿನ್ಯಾಗಿಂದ ಕಾಲ ಮುರದ ಚಷ್ಮಾ ತಗದು ಸರ್ ಕೈಯಾಗ ಇಟ್ಲು. ಆಕಿ ಹಿಂದಿನಾಂವ, "ನನ್ನ ಕಣ್ಣಿಗೆ ಪೊರಿ ಬಂದೈತೇನ ನೋಡ್ರಿ ಡಾಕ್ಟರ" ಅಂತ ರೆಪ್ಪಿ ಎತ್ತಿ ಕಣ್ಣ ಸರ್ ಮುಂದ ಒಡ್ಡಿದ. ಆವಾಗ ನನ್ನ ತಲಿಗೆ ಹೊಕ್ಕಿತು. ನೀಲಿ ಗಾಡಿ, ಪುಗಸಟ್ಟೆ, ಒಂದ ಕಣ್ಣ ಮುಚ್ಚೂದು! ಇಡೀ ಸಂತಿ ನಮ್ಮನ್ನ ಕಣ್ಣಿನ ದವಾಖಾನಿಯವ್ರು ಅಂತ ತಿಳದಿತ್ತು.

ನಾ ಡ್ರೈವರ್ ಕಡಿ ತಿರುಗಿ ಬಯ್ಯಾಕ ಬಾಯಿ ತಗದಿದ್ದೆ. ಅಷ್ಟರಾಗ ಆ ಪಟಗಾದ ಕಾಕಾ ಕೈ ಎತ್ತಿ, "ಸಾಹೇಬ್ರ, ನಂದೊಂದ ಪ್ರಶ್ನಿ ಐತ್ರಿ" ಅಂದ. ಸರ್ ಎಲ್ಲಾ ಮರತ್ರು. ಇದ್ದಬದ್ದ ಮಂದಿನ್ನ ಸರಿಸಿ ಓಡಿ ಬಂದು ಕಾಕಾನ ಎರಡೂ ಕೈ ಹಿಡಕೊಂಡು, "ಕೇಳ್ರಿ! ಕೇಳ್ರಿ! ಅಂಜಬ್ಯಾಡ್ರಿ, ಏನ ಬೇಕಾದ್ರೂ ಕೇಳ್ರಿ!" ಅಂದ್ರು.

"ಚಷ್ಮಾ ಇಲ್ಲೇ ಕೊಡತೀರೋ, ಬಾಗಲಕೋಟಿಗೇ ಬರಬೇಕೋ?"

ನೀಲಿ ಆಕಾಶ

ಸಾಹೇಬ್ರು ಬರೂ ದಿನ ಹತ್ರ ಬರಾಕ ಹತ್ತಿತು. ಪ್ರಶ್ನಿ ಮಾತ್ರ ಬರಲಿಲ್ಲ. ಹುನಗುಂದದ ಕಾರ್ಯಕ್ರಮಕ್ಕ ಹೋಗೂ ಮುಂದ ನನಗ ಒಂದ ಅಡ್ಡದಾರಿ ಹೊಳೀತು. ಮೊದಲನೇ ಪ್ರಶ್ನಿ ನಾವ ಹೇಳಿಕೊಟ್ಟು ಕೇಳಿಸಿದ್ರ, ಎರಡನೇದು ತಾನಾಗೇ ಬರತೈತಿ. ಒಂದ ಕುರಿ ಹಳ್ಳ ಜಿಗೀತಂದ್ರ ಹಿಂದಿನವೆಲ್ಲ ಜಿಗಿಯೂದಿಲ್ಲೇನು? ಸರ್‌ಗೆ ಹೇಳಿದ್ರ ಒಪ್ಪೂದಿಲ್ಲ. ಭಾಳ ಖರೆ ಮನಷ್ಯಾ. ಅದಕ್ಕ ಯಾರಿಗೂ ಹೇಳಲಾರದ, ಕಾರ್ಯಕ್ರಮದ ಮುಂಚೆ ಒಬ್ಬ ಕಿರಾಣಿ ಅಂಗಡಿ ಅಣ್ಣಗ, "ಆಕಾಶ ನೀಲಿ ಯಾಕ ಐತಿ ಅಂತ ಕೇಳ್ರಿ ಅಣ್ಣಾರ, ಪುಣ್ಯಾ ಬರತೈತಿ" ಅಂತ ಹೇಳಿ ಬಂದೆ.

ಕಾರ್ಯಕ್ರಮ ಶುರು ಆತು. ಶುರು ಅಂದ್ರ ಸನ್ಮಾನ ಶುರು ಆತು. ನಮ್ಮ ಕಡಿ ಸನ್ಮಾನ ಇಲ್ಲದ ಕಾರ್ಯಕ್ರಮಂದ್ರ ಉಪ್ಪ ಇಲ್ಲದ ಪಲ್ಯ. ಸರ್‌ಗೆ ಶಾಲು, ನನಗ ಕುಬಸದ ಕಣ, ಡ್ರೈವರ್‌ಗೆ ಹಾರ. ಪೆಂಡಾಲ ಹಾಕಿದಾಂವಗ ಶಾಲು. ಶಾಲು ಹಿಡಕೊಂಡು ನಿಂತಾಂವಗೂ ಕಡೀಗೆ ಒಂದ ಶಾಲು. ಅದೆಲ್ಲ ಮುಗದು ಸರ್ ಮಾತಾಡಿ, ಹಣಿ ಒರಸಿಕೊಂಡು, "ಯಾರಿಗರ ಪ್ರಶ್ನಿ ಅದಾವೇನ್ರಿ?" ಅಂದ್ರು.

ನನ್ನ ಕಿರಾಣಿ ಅಣ್ಣ ಎದ್ದ. ಅವನ ಜೋಡಿ ಆ ಕಡಿಯಿಂದ ಒಬ್ಬ ಮಾಸ್ತರ್ ಎದ್ರು. ಹಿಂದಿನ ಸಾಲಿನ್ಯಾಗ ಒಬ್ಬ ಗ್ಯಾರೇಜಿನಾಂವ ಎದ್ದ. ಮೂರೂ ಮಂದಿ ಒಂದ ಉಸುರಿನ್ಯಾಗ, "ಆಕಾಶ ಯಾಕ ನೀಲಿ ಐತ್ರಿ?" ಅಂದ್ರು. ಪ್ರಾರ್ಥನಾ ಗೀತೆ ಹಾಡಿದಂಗ ಆತು.

ಮಂದಿ ಹೊಳ್ಳಿ ಹೊಳ್ಳಿ ನೋಡಿದ್ರು. ಮಾಸ್ತರ್ ಗಾಬರಿ ಆಗಿ, "ನನಗ ಸರ್ ಹೇಳಿಕೊಟ್ಟಾರ್ರಿ. ಇವರಿಗೆ ಯಾರ ಹೇಳಿಕೊಟ್ರೋ ಗೊತ್ತಿಲ್ಲ" ಅಂದ್ರು. "ನನಗ ಅಕ್ಕಾರು" ಅಂತು ನನ್ನ ಕಿರಾಣಿ ಅಂಗಡಿ. ಗ್ಯಾರೇಜಿನಾಂವ ಬೆರಳ ಎತ್ತಿ ನಮ್ಮ ಡ್ರೈವರ್‌ನ ತೋರಿಸಿದ. ನಾ ಸರ್ ಮಾರಿ ನೋಡಿದೆ. ಸರ್ ಡ್ರೈವರ್ ಮಾರಿ ನೋಡಿದ್ರು. ಡ್ರೈವರ್ ಪೆಂಡಾಲಿನ ಸಂದ್ಯಾಗಿಂದ ಮ್ಯಾಲೆ ನೋಡಿದ.

"ಆದ್ರೂ ಖರೇನ ನೀಲಿ ಐತಲ್ರಿ ಸರ, ಯಾಕ?"

ಸೆರಗಿನ ಮ್ಯಾಲಿನ ಗ್ರಹಗಳು

ಗಾಡ್ಯಾಗ ತೂಗ ಹಾಕಾಕ ಸೂರ್ಯ, ಗ್ರಹಗಳ ಒಂದ ಚಿತ್ರ ಬೇಕಾಗಿತ್ತು. ಫ್ಲೆಕ್ಸ್ ಬ್ಯಾಡ, ಇಳಕಲ್ಲ ಸೀರಿ ಮ್ಯಾಲೆ ಕಸೂತಿ ಹಾಕಿಸೋಣಂತ ನಾ ಅಂದೆ. ಇಳಕಲ್ಲನ್ಯಾಗ ಕಸೂತಿ ಹಾಕೂ ಒಬ್ಬಾಕಿ ಅಕ್ಕಗ ಪುಸ್ತಕದಾಗಿನ ಚಿತ್ರ ತೋರಿಸಿ ಬಂದ್ವಿ. ಹದಿನೈದ ದಿನಾ ಬಿಟ್ಟು ಹೋದಾಗ ಆಕಿ ಸೀರಿ ಬಿಚ್ಚಿ ಹಾಸಿದ್ಲು. ಏನ ಕೈಚಳಕ ಅಂತೀರಿ! ನಾ ಬಾಯಿ ಮ್ಯಾಲೆ ಕೈ ಇಟಗೊಂಡೆ. ಸರ್ ಮಾತ್ರ ಹಣಿ ಮ್ಯಾಲೆ ಇಟಗೊಂಡ್ರು.

"ಭೂಮಿ ಯಾಕವ್ವಾ ಗುರುವಿನ್ಕಿಂತ ದೊಡ್ಡದ ಆತು?"

"ನಾವ ಇರೂ ಮನಿ ಸಣ್ಣದ ತೋರಸಬಾರದ್ರಿ, ಏಳಿಗಿ ಆಗೂದಿಲ್ಲ."

"ಮಂಗಳಗೂ ಗುರುವಿಗೂ ನಡುವ ಇವೇನು, ಗಿಣಿ?"

"ಜಾಗಾ ಬಣಬಣ ಅಂತಿತ್ರಿ."

"ಅಲ್ಲಿ ಕಲ್ಲಿನ ಚೂರ ಇರತಾವವ್ವಾ!"

"ಛಲೋ ಹೇಳಿದ್ರಿ. ಸೀರಿ ಮ್ಯಾಲೆ ಯಾರ್ರಿ ಕಲ್ಲ ಹಾಕಸ್ತಾರ?"

ಸರ್ ಬೆರಳು ತುದಿಗೆ ಬಂತು. ಅಲ್ಲಿ ಸೆರಗಿನ ಅಂಚಿನ್ಯಾಗ, ಪುಟಾಣಿ ಕಾಳಿನಷ್ಟ ಸಣ್ಣ ಪ್ಲೂಟೋ ಕುಂತಿತ್ತು. ಸರ್ ಧ್ವನಿ ಏರಿತು. "ಪ್ಲೂಟೋನ ಗ್ರಹದ ಲೆಕ್ಕದಾಗಿಂದ ತಗದ ಎಷ್ಟ ವರ್ಷ ಆತು! ಇದನ್ನ ಬಿಚ್ಚವ್ವಾ."

ಆಕಿ ಸೂಜಿ ಕೆಳಗ ಇಟ್ಲು. "ಯಾರ ತಗದ್ರು?"

"ದೊಡ್ಡ ದೊಡ್ಡ ವಿಜ್ಞಾನಿಗಳು. ಎಲ್ಲಾರೂ ಕೂಡಿ ಕುಂತು ಕೈ ಎತ್ತಿ ಠರಾವ ಮಾಡಿದ್ರು."

"ಆ ಮೀಟಿಂಗಿನ್ಯಾಗ ಪ್ಲೂಟೋನ ಕಡಿಯವರು ಯಾರರ ಇದ್ರೇನ್ರಿ?"

ಸರ್ ಪ್ಲೂಟೋನ ಮ್ಯಾಲೆ ಬೆರಳ ಇಟ್ರು. "ಇಲ್ಲ, ಅದು ಭಾಳ ಸಣ್ಣದು, ಅದಕ್ಕ..." ಅಂತ ಏನೋ ಹೇಳಾಕ ಹೋದ್ರು.

"ಮನ್ಯಾಗಿನ ಕಡೀ ಕೂಸು ಸಣ್ಣದ ಐತಂತ ಹೊರಗ ಹಾಕತೀರೇನ್ರಿ ನೀವು? ನಾ ಬಿಚ್ಚೂದಿಲ್ಲ. ಬೇಕಾದ್ರ ಸೀರಿ ಇಲ್ಲೇ ಬಿಟ್ಟ ಹೋಗ್ರಿ."

ಪ್ಲೂಟೋ, ಗಿಣಿ ಸಮೇತ ಸೀರಿ ಮಡಚಿಕೊಂಡು ಬಂದ್ವಿ. ಗಾಡ್ಯಾಗ ಸರ್ ಒಂದ ಸಮನ ಗೊಣಗತಿದ್ರು. ಪ್ಲೂಟೋನ ಮ್ಯಾಲೆ ಮೂರ ಪ್ರಶ್ನಿ ಕೇಳಿದ್ಲಲ್ಲ ಆಕಿ, ಅದೂ ಕಣ್ಣಾಗ ಕಣ್ಣಿಟ್ಟು, ಅಂತ ನನಗ ಹುನಗುಂದ ದಾಟಿದ ಮ್ಯಾಲೆ ಹೊಳೀತು. ಹೇಳಿದೆ. ಸರ್ ಗಾಡಿ ನಿಂದ್ರಿಸು ಅಂದ್ರು.

"ಹೌದಲ್ಲ ತಂಗಿ! ಜೀವನದಾಗ ಮೊದಲನೇ ಸಲ ಯಾರೋ ನನಗ ಪ್ರಶ್ನಿ ಕೇಳಿದ್ರು, ನಾ ಜಗಳ ಆಡಿ ಬಂದೆನಲ್ಲ!"

ಶಿರೂರಿನ ಊಟ

ಕಡೀಗೆ ಆ ದಿನ ಬಂತು. ಸಾಹೇಬ್ರು ಶಿರೂರಿಗೆ ಬರತಾರ ಅಂತ ಗೊತ್ತಾತು. ಇವತ್ತ ಯಾರೂ ಕೇಳಲಿಲ್ಲಂದ್ರ ಗಾಡಿ ನಿಂತ್ಹಂಗ. ನಮ್ಮದು ಹೆಂಗರ ನಡೀತೈತಿ, ಡ್ರೈವರ್ ಬ್ಯಾರೆ ಗಾಡಿ ಹೊಡದಾನು, ನಾ ಬ್ಯಾರೆ ಏನರ ಬರದೇನು. ಸರ್ ಮಾತ್ರ ಮನಿ ಮೂಲಿ ಹಿಡಿಯೂ ಮನಷ್ಯಾ. ಗಾಡ್ಯಾಗಿಂದ ಇಳಿಯೂ ಮುಂದ, "ಪ್ರಶ್ನಿ ಯಾರಿಗೂ ಹೇಳಿಕೊಟ್ಟಿಲ್ಲಲ್ಲ?" ಅಂತ ಕೇಳಿದ್ರು. ಇಲ್ಲ ಅಂತ ಇಬ್ರೂ ಆಣಿ ಮಾಡಿದ್ವಿ.

ಶಿರೂರಿನವ್ರು ಮೊದಲ ಊಟಕ್ಕ ಕೂಡಿಸಿದ್ರು. ಸಮುದಾಯ ಭವನದಾಗ ಸಾಲಾಗಿ ಎಲಿ. ಬಿಸಿ ಜ್ವಾಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು, ಮ್ಯಾಲೆ ಹೋಳಿಗಿ. ನೀಡೂದರ ಮುಂದಾಳತ್ವ ಒಬ್ಬಾಕಿ ಆಯಿದು. ಹಣಿ ತುಂಬ ವಿಭೂತಿ, ಬಾಯಾಗ ಹಲ್ಲ ಇಲ್ಲ, ಧ್ವನಿ ಮಾತ್ರ ಊರಿಗೆ ಕೇಳಸ್ತಿತ್ತು. ಸಾಹೇಬ್ರು ಎಲಿಗೆ ಕೈ ಅಡ್ಡ ಹಿಡದ್ರ, "ಬೆಂಗಳೂರಾಗ ಇಂಥಾದ ಎಲ್ಲಿ ಸಿಗಬೇಕ್ರಿ ಪಾಪ" ಅಂತ ಬೆರಳ ಸಂದ್ಯಾಗಿಂದ ಹೋಳಿಗಿ ಇಳಿಸಿದ್ಲು. ಎರಡನೇ ಹೋಳಿಗಿಗೆ ಸಾಹೇಬ್ರು ಬೆಲ್ಟ್ ಸಡ್ಲ ಮಾಡಿದ್ರು.

ಊಟ ಆದ ಮ್ಯಾಲೆ ಸರ್ ಎದ್ದ್ರು. ಖಾಲಿ ಬಾಟ್ಲಿ ಬಾಯಿಗೆ ರಬ್ಬರಿನ ಪುಗ್ಗಾ ಹಾಕಿ ಬಿಸಿನೀರಿನ ಬೋಗುಣ್ಯಾಗ ಇಟ್ರು. ಜೋತ ಬಿದ್ದಿದ್ದ ಪುಗ್ಗಾ ಮೆಲ್ಲಕ ಎದ್ದು ನಿಂತು ಉಬ್ಬಿತು. ಮಂದಿ "ಅಬಾಬಾ" ಅಂದ್ರು. ಒಳಗಿನ ಗಾಳಿ ಕಾದ್ರ ಹಿಗ್ಗತೈತಿ ಅಂತ ಸರ್ ಛಂದಾಗಿ ತಿಳಿಸಿ ಹೇಳಿದ್ರು. ಚಪ್ಪಾಳಿ ಬಿತ್ತು. ಆಮ್ಯಾಲೆ ಸರ್ ಗಂಟಲ ಸರಿ ಮಾಡ್ಕೊಂಡ್ರು.

"ಯಾರಿಗರ ಪ್ರಶ್ನಿ ಅದಾವೇನ್ರಿ?"

ಮಂದಿ ಸುಮ್ನ ಕುಂತ್ರು. ಫ್ಯಾನ್ ಸಪ್ಪಳಷ್ಟ.

"ಏನರ ಕೇಳೂದಿದ್ರ ಕೇಳ್ರಿ."

ಎಲ್ಲಾರೂ ನಕ್ಕ ಮಾರೀಲೆ ಸರ್‌ನ ನೋಡಾಕ ಹತ್ತಿದ್ರು. ಸಾಹೇಬ್ರು ಗಡಿಯಾರ ನೋಡಿದ್ರು. ಸರ್ ಮುಂದಿನ ಪುಗ್ಗಾ ನೀರ ಆರಿ ಜೋತ ಬಿತ್ತು, ಅದರ ಜೋಡಿ ಸರ್ ಮಾರೀನೂ. ಅದನ್ನ ನೋಡಿ ನನ್ನ ತಲಿ ಕೆಟ್ಟಹೋತು. ಮೈಕ್ ಕಸಗೊಂಡೆ. ಅದು ಸತ್ತಿತ್ತು. ಬಗಲಾಗ ಇಟಗೊಂಡು ಬಾಯಿಲೇನ ಒದರಿದೆ.

"ಏನ್ರಿ ನೀವು! ಮನಷ್ಯಾ ವರ್ಷ ಪೂರ್ತಿ ಬಿಸಲಾಗ ಊರೂರು ತಿರಗ್ಯಾನ. ಒಂದರ ಪ್ರಶ್ನಿ ಕೇಳಬಾರದೇನ್ರಿ? ನಿಮಗ ಬಾಯಿ ಇಲ್ಲೇನು?"

ಮುಂದಿನ ಸಾಲಿನ್ಯಾಗ ಆಯಿ ಎದ್ದ ನಿಂತ್ಲು.

"ಬಾಯಿ ಐತಿ ನಮ್ಮವ್ವ. ಆದ್ರ ಮನಿಗೆ ಬಂದಾವ್ರಿಗೆ ಉಣ್ಣಾಕ ನೀಡಿ, ಆಮ್ಯಾಲೆ ನಾಕ ಮಂದ್ಯಾಗ ಪ್ರಶ್ನಿ ಕೇಳೂದಂದ್ರ? ನಾಳಿ ಅವರಿಗೆ ಬರಲಿಲ್ಲಂದ್ರ? ಉಣಿಸಿ ಮರ್ಯಾದಿ ತಗದಂಗ ಆಗೂದಿಲ್ಲೇನ?" ಅಂದು ಸರ್ ಕಡಿ ಒಮ್ಮೆ ನೋಡಿ, ಕನಿಕರದಿಂದ, "ಅವರ ಮಾರಿ ನೋಡಿದ್ರ ಬರತೈತಿ ಅಂತ ಅನಸೂದಿಲ್ಲ, ಪಾಪ" ಅಂದ್ಲು.

ಇಡೀ ಭವನ ಹೌದ್ಹೌದಂತ ಗೋಣ ಹಾಕಿತು.

ನನಗ ಫಕ್ಕನ ಇಳಕಲ್ಲ ಅಕ್ಕ ನೆನಪಾದ್ಲು. ಆಕಿಗೆ ನಾವು ಗಿರಾಕಿ, ಅದಕ್ಕ ಕೇಳಿದ್ಲು. ಉಳದ ಊರಾಗೆಲ್ಲ ನಾವು ಬೀಗರು! ಶಾಲು ಹೊಚ್ಚಿ, ಹೋಳಿಗಿ ನೀಡಿ, ನಮ್ಮ ಮಾನ ಕಾಯಾಕ ಅವರು ವರ್ಷ ಪೂರ್ತಿ ಬಾಯಿ ಮುಚ್ಚಿಕೊಂಡ ಕುಂತಿದ್ರು. ನಾವ ನೋಡಿದ್ರ ಮಂದಿಗೆ ಆಸಕ್ತಿ ಇಲ್ಲ ಅಂತ ಬಯ್ಕೋತ ತಿರಗಿದ್ವಿ.

ಸರ್ ಸ್ಟೇಜಿನಿಂದ ಕೆಳಗ ಇಳದ್ರು. ಶಾಲು ತಗದು ಕುರ್ಚಿ ಮ್ಯಾಲೆ ಇಟ್ರು. ಆಯಿ ಮುಂದ ನೆಲದ ಮ್ಯಾಲೆ ಚಕ್ಕಂಬಕ್ಕಳ ಹಾಕಿ ಕುಂತ್ರು.

"ಖರೆ ಐತಿ ಆಯಿ. ನನಗ ಬರೂದು ಸ್ವಲ್ಪ, ಬರಲಾರದ್ದ ಭಾಳ. ಕಾಲೇಜಿನ್ಯಾಗ ಇದ್ದಾಗ ಇದನ್ನ ಒಮ್ಮೆನೂ ಹೇಳಲಿಲ್ಲ, ಅದಕ್ಕ ಯಾರೂ ಕೇಳಲಿಲ್ಲೇನೋ. ಗೊತ್ತಿರಲಿಲ್ಲಂದ್ರ ಗೊತ್ತಿಲ್ಲ ಅಂತೇನಿ. ನೀವ ಕೇಳ್ರಿ."

"ಬ್ಯಾಸರ ಮಾಡ್ಕೊಳೂದಿಲ್ಲ?"

"ಇಲ್ಲ."

"ಉಂಡದ್ದ ಮೈಗೆ ಹತ್ತತೈತಿ?"

"ಹತ್ತತೈತಿ."

ಆಯಿ ಸೆರಗ ಸೊಂಟಕ್ಕ ಸಿಗಿಸಿದ್ಲು. "ಹಂಗಾರ ಕೇಳತೇನಿ. ಪುಗ್ಗಾ ಉಬ್ಬಿದ್ದ ನೋಡಿದೆ. ನಾ ಬಡದ ರೊಟ್ಟಿ ಹಂಚಿನ ಮ್ಯಾಲೆ ಹಿಂಗ ಉಬ್ಬತೈತಿ. ನನ್ನ ಸೊಸಿ ಬಡದದ್ದ ಚಪ್ಪಟ್ಟ ಬಿದ್ದಿರತೈತಿ. ಯಾಕ?"

ಸರ್‌ಗೆ ಕಣ್ಣಾಗ ನೀರ ಬಂತು. ಖರೇನ ಬಂತು, ನಾ ನೋಡಿದೆ. ಎಷ್ಟ ವರ್ಷ ಕಾದ ಪ್ರಶ್ನಿ! ಕೈ ಆಡಿಸಿಕೋತ ಹೇಳಾಕ ಹತ್ತಿದ್ರು. ಹಿಟ್ಟಿನ್ಯಾಗಿನ ನೀರ ಉಗಿ ಆಗತೈತಿ, ಆ ಉಗಿ ಹೊರಗ ಹೋಗಾಕ ದಾರಿ ಸಿಗಲಿಲ್ಲಂದ್ರ ರೊಟ್ಟಿ ಉಬ್ಬತೈತಿ, ಎಲ್ಲೆರ ಸಣ್ಣ ತೂತ ಬಿದ್ರ ಉಗಿ ಸೋರಿ ಹೋಗತೈತಿ ಅಂತ. "ಅಂದ್ರ ಬಡಿಯೂ ಕೈದ ತಪ್ಪ ಅಂದಂಗ ಆತು" ಅಂತ ಆಯಿ ಗೆದ್ದ ಮಾರೀಲೆ ಹಿಂದ ನೋಡಿದ್ಲು.

ಹಿಂದಿನ ಸಾಲಿಂದ ಸೊಸಿ ಎದ್ಲು. "ಸರ, ನಂದೂ ಒಂದ ಪ್ರಶ್ನಿ. ಹಿಟ್ಟ ನಾದೂದು ನಮ್ಮ ಅತ್ತ್ಯಾರು. ಬಿಸಿ ಬಿಸಿ ಇದ್ದಾಗ ತಮ್ಮ ರೊಟ್ಟಿ ಬಡಕೋತಾರ, ಆರಿ ಬಿರಕ ಬಿಟ್ಟ ಹಿಟ್ಟ ನನಗ ದೂಡತಾರ. ಈಗ ಹೇಳ್ರಿ. ತಪ್ಪ ಕೈದೋ, ಹಿಟ್ಟಿಂದೋ?"

ಭವನ ಎರಡ ಪಾಲಾತು. ಸೊಸ್ತ್ಯಾರೆಲ್ಲ ಒಂದ ಕಡಿ, ಅತ್ತ್ಯಾರೆಲ್ಲ ಒಂದ ಕಡಿ. ಸರ್ ಆಯಿ ಮಾರಿ ನೋಡಿದ್ರು, ಸೊಸಿ ಮಾರಿ ನೋಡಿದ್ರು, ಉಂಡ ಎಲಿ ಕಡಿ ಒಮ್ಮೆ ನೋಡಿದ್ರು.

"ಗೊತ್ತಿಲ್ಲ" ಅಂದ್ರು.

ಏನ ನಗಿ, ಏನ ಸೀಟಿ! ಅಲ್ಲಿಂದ ಕಟ್ಟಿ ಒಡದಂಗ ಆತು. ಹಲ್ಲಿಗೆ ಗ್ವಾಡಿ ಮ್ಯಾಲೆ ಕಾಲ ಹೆಂಗ ಹಿಡೀತಾವ, ಉಳ್ಳಾಗಡ್ಡಿ ಹೆಚ್ಚಿದ್ರ ಅಳು ಯಾಕ ಬರತೈತಿ, ಬಸ್ಸಿನ್ಯಾಗ ಕುಂತ್ರ ಚಂದ್ರ ನಮ್ಮ ಸಂಗಾಟ ಯಾಕ ಓಡತಾನ. ಅರ್ಧಕ್ಕ ಸರ್ ಉತ್ತರ ಹೇಳಿದ್ರು, ಅರ್ಧಕ್ಕ "ಗೊತ್ತಿಲ್ಲ, ಹುಡಿಕ್ಯಾಡಿ ಬರತೇನಿ" ಅಂದ್ರು. ಒಂದೊಂದ "ಗೊತ್ತಿಲ್ಲ"ಕ್ಕೂ ಅವರಿಗೆ ಪ್ರಾಯ ಬರಾಕ ಹತ್ತಿತ್ತು. ಸಾಹೇಬ್ರು ಗಡಿಯಾರ ನೋಡೂದ ಮರತು, ಕುರ್ಚಿ ತುದಿಗೆ ಬಂದು ಕುಂತಿದ್ರು.

ಕಡೀಗೆ ಅವರ ಎದ್ದು ಕೈ ಮುಗದ್ರು. "ನಾನು ಇಂಥ ಕಾರ್ಯಕ್ರಮ ಎಲ್ಲೂ ನೋಡಿಲ್ಲ. ಈ ಗಾಡಿ ನಿಲ್ಲುವುದಿಲ್ಲ. ಮುಂದಿನ ವರ್ಷವೂ ನಡೆಯುತ್ತದೆ" ಅಂದ್ರು. ಡ್ರೈವರ್ ಮೈಕ್ ವೈರ್ ಬಿಟ್ಟು ಸೀಟಿ ಹೊಡದ. ನಾ ಮಂದ್ಯಾಗ ಅತ್ತೆ, ಸುಳ್ಯಾಕ ಹೇಳ್ಲಿ. ಸರ್ ಸುಮ್ನ ನೆಲದ ಮ್ಯಾಲೇ ಕುಂತು ಆಯಿ ಕೈ ಹಿಡಕೊಂಡಿದ್ರು.

ಸಾಹೇಬ್ರಿಗೂ ಹುರುಪ ಬಂತು. "ನಾನೂ ವಿಜ್ಞಾನ ಓದಿದವನೇ. ನನಗೂ ಏನಾದರೂ ಕೇಳಿ" ಅಂದ್ರು.

ಭವನ ಗಪ್ ಆತು. ಮತ್ತ ಅದ ನಕ್ಕ ಮಾರಿ, ಅದ ಫ್ಯಾನ್ ಸಪ್ಪಳ. ಸಾಹೇಬ್ರಿಗೆ ಅವಮಾನ ಆದ್ರ ಗಾಡಿ ಮತ್ತ ನಿಂತೀತು! ಓಡಿ ಹೋಗಿ ಆಯಿ ಮಗ್ಗಲಕ ಕುಂತು ಮೊಣಕೈಲೆ ತಿವದೆ. "ಆಯಿ, ಏನರ ಕೇಳ ಬೇ!"

ಆಯಿ ನನ್ನ ಕಿವಿಗೆ ಬಾಯಿ ಹಚ್ಚಿದ್ಲು. ನನ್ನ ಬಗಲಾಗಿನ ಮೈಕಿಗೆ ಜೀವ ಬಂದದ್ದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಆಕಿ ಪಿಸುಗುಟ್ಟಿದ್ದು ಭವನಕ್ಕಷ್ಟ ಅಲ್ಲ, ಹೊರಗಿನ ಗಾಡಿ ಮ್ಯಾಲಿನ ಕರ್ಣ್ಯಾದಾಗ ಇಡೀ ಶಿರೂರಿಗೆ ಕೇಳಿಸ್ತು:

"ಬ್ಯಾಡ ಸುಮ್ಮನಿರ ಯವ್ವಾ. ಗಾಡಿ ನಡಸತೇನಿ ಅಂದಾರ, ಚೊಲೊ ಮನಷ್ಯಾ. ಅವರಿಗಂತೂ ಏನೂ ಬರೂದಿಲ್ಲ."